ಅಳಿವೆಗಾಗಿ ನಡೆದ ಯುದ್ಧಗಳು

ಮಂಗಳೂರಿನ ಇತಿಹಾಸದ ಮಾತು ಬಂದರೆ ಸಾಕು, ನಮ್ಮ ಕರಾವಳಿಯಲ್ಲಿ ಎರಡು ವೇದಿಕೆಗಳು ಸಜ್ಜಾಗುತ್ತವೆ. ಒಂದರಲ್ಲಿ ಉಳ್ಳಾಲದ ಅಬ್ಬಕ್ಕ ಪರಧರ್ಮೀಯರ ವಿರುದ್ಧ ಕತ್ತಿ ಹಿರಿದ ಧರ್ಮರಕ್ಷಕಿ, ಟಿಪ್ಪು ಸುಲ್ತಾನ ಬರಿಯ ಮತಾಂಧ. ಇನ್ನೊಂದರಲ್ಲಿ ಅದೇ ಟಿಪ್ಪು ಕಳಂಕವೇ ಇಲ್ಲದ ಸ್ವಾತಂತ್ರ್ಯವೀರ. ಅವನ ಬಗ್ಗೆ ಒಂದು ಪ್ರಶ್ನೆ ಎತ್ತಿದರೂ ಎತ್ತಿದವನು ಕೋಮುವಾದಿ. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿದಾಗಲೂ 2019ರಲ್ಲಿ ಅದನ್ನು ಕೈಬಿಟ್ಟಾಗಲೂ ಕೇಳಿಸಿದ್ದು ಈ ಎರಡೇ ದನಿ. ಹೊರನೋಟಕ್ಕೆ ಇವು ಹಾವು ಮುಂಗುಸಿ. ಒಳಗಿನ ನಂಬಿಕೆ ಮಾತ್ರ ಒಂದೇ. ಈ ಊರಿಗಾಗಿ ನಡೆದ ಕಾಳಗಗಳೆಲ್ಲ ಯಾರೋ ಒಬ್ಬ ವೀರನ ಅಥವಾ ಖಳನ ಎದೆಯಲ್ಲಿ, ಅವನ ದೇವರ ಪ್ರೇರಣೆಯಲ್ಲಿ ಹುಟ್ಟಿದವು ಎಂಬುದು ಇಬ್ಬರೂ ಒಪ್ಪಿಕೊಂಡ ಮಾತು. ಜಗಳ ಇರುವುದು ವೀರ ಯಾರು, ಖಳ ಯಾರು ಎಂಬುದರಲ್ಲಿ ಅಷ್ಟೆ.

ಈ ಒಪ್ಪಿಗೆಯನ್ನೇ ನಾನು ಅಲ್ಲಗಳೆಯುತ್ತೇನೆ. ಹದಿನಾರನೆಯ ಶತಮಾನದಿಂದ 1837ರವರೆಗೆ ಮಂಗಳೂರಿಗಾಗಿ ನಡೆದ ಕಾಳಗಗಳಲ್ಲಿ ಯಾವುದನ್ನು ಕೆದಕಿದರೂ ಅಡಿಯಲ್ಲಿ ಸಿಗುವುದು ಅಳಿವೆ, ಆ ಅಳಿವೆಯಿಂದ ಹೊರಗೆ ಹೋಗುತ್ತಿದ್ದ ಅಕ್ಕಿ ಮತ್ತು ಮೆಣಸು, ಅದರ ಮೇಲಿನ ಸುಂಕ. ಧರ್ಮದ ಹೆಸರನ್ನು ಆ ಕಾಲದವರು ಎತ್ತಲಿಲ್ಲ ಎಂದಲ್ಲ. ಎತ್ತಿದರು, ಬೇಕಾದಾಗ ಕೆಳಗಿಟ್ಟರು, ಮತ್ತೆ ಎತ್ತಿದರು. ಅಕ್ಕಿಯ ಮೇಲಿನ ಕಣ್ಣನ್ನು ಮಾತ್ರ ಯಾರೂ ಒಂದು ದಿನಕ್ಕೂ ಕೀಳಲಿಲ್ಲ.

ಮೊದಲು ಜಾಗವನ್ನು ನೋಡಬೇಕು. ಘಟ್ಟದಿಂದ ಇಳಿದು ಬರುವ ನೇತ್ರಾವತಿ ಊರಿನ ದಕ್ಷಿಣ ಮಗ್ಗುಲಲ್ಲಿ ಹರಿಯುತ್ತದೆ. ಫಲ್ಗುಣಿ ಎಂದೂ ಕರೆಯುವ ಗುರುಪುರ ನದಿ ಕಡಲಿನ ಹತ್ತಿರ ಬಂದರೂ ನೇರವಾಗಿ ಕಡಲು ಸೇರುವುದಿಲ್ಲ. ತಣ್ಣೀರುಬಾವಿ, ಬೆಂಗ್ರೆಯ ಮರಳುದಿಬ್ಬದ ಹಿಂದೆ ದಕ್ಷಿಣಕ್ಕೆ ತಿರುಗಿ, ನೇತ್ರಾವತಿಯನ್ನು ಕೂಡಿಕೊಂಡು, ಎರಡೂ ಒಂದೇ ಬಾಯಿಯಿಂದ ಸಮುದ್ರಕ್ಕೆ ಬೀಳುತ್ತವೆ. ಆ ಬಾಯಿಯೇ ಅಳಿವೆ. ಅದರಾಚೆ ಕೋಟೆಪುರ, ಉಳ್ಳಾಲ. ಅಳಿವೆಯ ತಳದಲ್ಲಿ ಮರಳು ಕೂತು ಆಳ ಕಡಿಮೆ. ದೊಡ್ಡ ಹಡಗು ಹೊರಗೆ ಕಡಲಲ್ಲೇ ಲಂಗರು ಹಾಕಬೇಕು, ಸರಕು ಸಣ್ಣ ದೋಣಿಗಳಲ್ಲಿ ಓಡಾಡಬೇಕು. ಮುಂಗಾರು ಎದ್ದ ಮೇಲೆ ಅದನ್ನು ದಾಟುವುದು ಜೀವದಾಸೆ ಬಿಟ್ಟವರ ಕೆಲಸ. ಒಮ್ಮೆ ಒಳಗೆ ಬಂದರೆ ಮಾತ್ರ ದೋಣಿಗಳಿಗೆ ಇದಕ್ಕಿಂತ ನೆಮ್ಮದಿಯ ನೀರು ಇನ್ನೊಂದಿಲ್ಲ. ನೇತ್ರಾವತಿಯಲ್ಲಿ ಮೇಲಕ್ಕೆ ಪಾಣೆಮಂಗಳೂರು, ಬಂಟ್ವಾಳದವರೆಗೆ ದೋಣಿ ಹೋಗುತ್ತಿತ್ತು. ಅಲ್ಲಿಂದ ಎತ್ತುಗಳ ಬೆನ್ನಮೇಲೆ ಸರಕು ಘಟ್ಟ ಹತ್ತುತ್ತಿತ್ತು, ಇಳಿಯುತ್ತಿತ್ತು. ಅಳಿವೆ ಯಾರ ಕೈಯಲ್ಲಿದೆಯೋ ಘಟ್ಟದ ಮೆಣಸಿಗೂ ಬಯಲಿನ ಭತ್ತಕ್ಕೂ ಅವರೇ ಬೆಲೆ ಕಟ್ಟುವವರು.

ಈ ಭತ್ತದ ಮಹತ್ವ ನಮ್ಮ ಭಾಷಣಕಾರರಿಗೆ ಹೊಳೆಯುವುದೇ ಇಲ್ಲ. ಹದಿನಾರನೆಯ ಶತಮಾನದ ಆರಂಭದಲ್ಲಿ ಇಲ್ಲಿಗೆ ಬಂದಿದ್ದ ದುವಾರ್ತೆ ಬಾರ್ಬೋಸ ಮಂಗಳೂರಿನ ಬಗ್ಗೆ ಬರೆಯುವಾಗ, ಮಲಬಾರಿಗೂ ಏಡನ್ನಿಗೂ ಇಲ್ಲಿಂದ ಹಡಗುಗಳು ತುಂಬಿಕೊಂಡು ಹೋಗುತ್ತಿದ್ದ ಅಕ್ಕಿಯ ಮಾತು ಎತ್ತುತ್ತಾನೆ. ಬಿಳಿ ಅಕ್ಕಿಗಿಂತ ಇಲ್ಲಿಯ ಕಪ್ಪುಛಾಯೆಯ ಅಕ್ಕಿ ಮೇಲು ಎಂದೂ ಹೇಳುತ್ತಾನೆ. ನಮ್ಮ ಇಂದಿನ ಕುಚ್ಚಲಕ್ಕಿಯ ಹಿರೀಕ ಅದೇ ಇರಬೇಕು. ಸುಮಾರು ಮುನ್ನೂರು ವರ್ಷ ಕಳೆದು, 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಬಂದಾಗಲೂ ಮಂಗಳೂರಿನ ಮುಖ್ಯ ರಫ್ತು ಅಕ್ಕಿಯೇ. ಹೋಗುತ್ತಿದ್ದುದು ಮಸ್ಕತ್, ಬೊಂಬಾಯಿ, ಗೋವಾ, ಮಲಬಾರಿಗೆ. ನಡುವೆ ಅರಸರು ಬದಲಾದರು, ಬಾವುಟಗಳು ಬದಲಾದವು, ಅಕ್ಕಿ ಹೋಗುವ ದಾರಿ ಬದಲಾಗಲಿಲ್ಲ. ಗೋವಾದ ಪೋರ್ಚುಗೀಸರ ಊಟದ ತಟ್ಟೆ ಕೆನರಾದ ಅಕ್ಕಿಯಿಂದ ತುಂಬುತ್ತಿತ್ತು. ಅದನ್ನು ಹೊತ್ತ ದೋಣಿಗಳ ಸಾಲಿಗೆ ಅವರು ಯುದ್ಧನೌಕೆಗಳ ಕಾವಲು ಕೊಡುತ್ತಿದ್ದರು. 1502ರಲ್ಲಿ ವಾಸ್ಕೊ ಡ ಗಾಮ ಭಟ್ಕಳದ ಮೇಲೆ ಹೇರಿದ ಕಪ್ಪ ಕೂಡ ಅಕ್ಕಿಯ ರೂಪದ್ದೇ.

ಈಗ ಮೊದಲ ಕಾಳಗಗಳಿಗೆ ಬರೋಣ. 1530ರಲ್ಲಿ ಪೋರ್ಚುಗೀಸರು ಮಂಗಳೂರಿನ ನದಿಯೊಳಗೆ ನುಗ್ಗಿದ್ದು ಯಾರ ಮೇಲೆ? ಗುಡಿಯ ಮೇಲಲ್ಲ, ಅರಮನೆಯ ಮೇಲೂ ಅಲ್ಲ. ಕಲ್ಲಿಕೋಟೆಯ ಸಾಮೂದಿರಿಯೊಂದಿಗೆ ಕೈಜೋಡಿಸಿದ್ದ ಒಬ್ಬ ಶ್ರೀಮಂತ ವರ್ತಕನ ಭದ್ರನೆಲೆಯ ಮೇಲೆ. ತಮ್ಮ ರಹದಾರಿ ಪತ್ರವಿಲ್ಲದೆ ಯಾರೂ ಕಡಲಿನಲ್ಲಿ ವ್ಯಾಪಾರ ಮಾಡಬಾರದು ಎಂಬುದು ಅವರ ಕಾನೂನು. ಅದನ್ನು ಮುರಿದವನಿಗೆ ಕೊಟ್ಟ ಶಿಕ್ಷೆ ಇದು. 1568ರಲ್ಲಿ ವೈಸರಾಯ್ ದೊಮ್ ಆಂತಾವೊ ದೆ ನೊರೋನ್ಯ ಬಂದು ಮಂಗಳೂರಿನಲ್ಲಿ ಕೋಟೆ ಕಟ್ಟಿಸಿ ಸಂತ ಸೆಬಾಸ್ಟಿಯನ್ನನ ಹೆಸರಿಟ್ಟ. ಹೆಸರು ಸಂತನದು, ಸರಿ. ಆದರೆ ಆ ಕೋಟೆ ಎದ್ದದ್ದು ಬಂದರಿನ ಸರಕು ಕಣ್ಣಳತೆಯಲ್ಲಿ ಹಾದುಹೋಗುವ ಜಾಗದಲ್ಲಿ.

ಅಬ್ಬಕ್ಕ ಎದುರು ನಿಂತದ್ದು ಈ ಕೋಟೆಗೆ. ಅವಳ ಧೈರ್ಯದ ಬಗ್ಗೆ ನನಗೆ ಎರಡು ಮಾತಿಲ್ಲ. 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗೊಂದಕ್ಕೆ ಅವಳ ಹೆಸರಿಟ್ಟದ್ದು ನ್ಯಾಯವೇ. ಅವಳನ್ನು ಧರ್ಮಯುದ್ಧದ ಪೋಸ್ಟರಿಗೆ ಇಳಿಸುವವರನ್ನು ನಾನು ಕೇಳುವುದು ಇಷ್ಟೇ: ಅವಳ ಪಕ್ಕದಲ್ಲಿ ಯಾರಿದ್ದರು? ಅವಳು ಚೌಟರ ಮನೆತನದ ಜೈನ ರಾಣಿ. ಅವಳ ನೆರವಿಗೆ ಬಂದದ್ದು ಸಾಮೂದಿರಿಯ ನೌಕಾಬಲ, ಅದರ ಮುಂದಾಳು ಕುಟ್ಟಿ ಪೋಕ್ಕರ್ ಮರಕ್ಕಾರ್ ಎಂಬ ಮುಸ್ಲಿಂ ನಾವಿಕ. 1570ರ ಹೊತ್ತಿಗೆ ಮಂಗಳೂರಿನ ಪೋರ್ಚುಗೀಸ್ ಕೋಟೆಯ ಮೇಲೆ ದಾಳಿ ಮಾಡಿ, ಹಿಂದಿರುಗುವ ದಾರಿಯಲ್ಲಿ ಅವನು ಪೋರ್ಚುಗೀಸರ ಕೈಯಲ್ಲಿ ಸತ್ತ. ಎದುರು ಪಕ್ಷದಲ್ಲಿ ಯಾರಿದ್ದರು? ಪೋರ್ಚುಗೀಸರ ಜೊತೆಗೆ ಮಂಗಳೂರಿನ ಬಂಗ ಅರಸ, ಅವನೂ ಜೈನ. ಉಳ್ಳಾಲಕ್ಕೂ ಬಂಗ ಮನೆತನಕ್ಕೂ ಮದುವೆಯ ನಂಟಿತ್ತು. ನಡುವೆ ನದಿ ಇತ್ತು. ನದಿಯ ಎರಡು ದಡಗಳ ಸುಂಕಕ್ಕೆ ಇಬ್ಬರು ಹಕ್ಕುದಾರರಿದ್ದರು. ಎರಡು ದಡಗಳ ಈ ಪೈಪೋಟಿಯನ್ನು ಬಿಟ್ಟು ಅಬ್ಬಕ್ಕನ ಕಥೆ ಹೇಳುವವರು ಅವಳ ರಾಜಕೀಯ ಬುದ್ಧಿಯನ್ನೇ ಕಿತ್ತುಕೊಳ್ಳುತ್ತಾರೆ. ಕಡಲನ್ನು ಬಲ್ಲವರು ಯಾರು, ತನ್ನ ಅಕ್ಕಿ ಮೆಣಸಿಗೆ ಫರಂಗಿಯ ಪತ್ರವಿಲ್ಲದೆ ಗಿರಾಕಿಗಳು ಎಲ್ಲಿದ್ದಾರೆ ಎಂಬುದು ಗೊತ್ತಿದ್ದ ಹೆಂಗಸು ಕಟ್ಟಿದ ಮೈತ್ರಿ ಅದು.

ಇದೇ ಬಂಗ ಮತ್ತು ಉಳ್ಳಾಲದ ವೈರ ಮುಂದಿನ ಶತಮಾನಕ್ಕೂ ಹರಿಯಿತು. ಆಗ ಉಳ್ಳಾಲದ ರಾಣಿಯ ಬೆನ್ನಿಗೆ ನಿಂತವನು ಇಕ್ಕೇರಿಯ ವೆಂಕಟಪ್ಪ ನಾಯಕ, ವೀರಶೈವ ದೊರೆ. ಅವನು ಬಂಗನನ್ನು ಓಡಿಸಿದ, ನೆರವಿಗೆ ಬಂದ ಪೋರ್ಚುಗೀಸರನ್ನೂ ಸೋಲಿಸಿದ. 1623ರಲ್ಲಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿ ಇಕ್ಕೇರಿಗೆ ಬಂದ. ಅವನ ಜೊತೆಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಲ್ಲವನ್ನೂ ಬರೆದಿಟ್ಟಿದ್ದಾನೆ. ರಾಯಭಾರಿಯ ಚೀಲದಲ್ಲಿ ಎರಡು ವಿಷಯಗಳಿದ್ದವು, ಬಂಗನ ಸ್ಥಾನಮಾನ ಮತ್ತು ಮೆಣಸಿನ ವ್ಯವಹಾರ. ರಣರಂಗದಲ್ಲಿ ಹೊಡೆದಾಡಿದವರು ಮೆಣಸಿಗೆ ಬಂದಾಗ ಕೊಳ್ಳುವವರು, ಮಾರುವವರು. ದೆಲ್ಲಾ ವಾಲ್ಲೆ ಉಳ್ಳಾಲದ ಆಗಿನ ರಾಣಿಯನ್ನು ಕಂಡದ್ದು ದಾರಿಯಲ್ಲಿ, ಬರಿಗಾಲಲ್ಲಿ ನಡೆದು ನೀರಿನ ಕಾಲುವೆ ಕೆಲಸ ನೋಡಲು ಹೊರಟವಳನ್ನು. ನೀರು ಎಂದರೆ ಗದ್ದೆ, ಗದ್ದೆ ಎಂದರೆ ಅಕ್ಕಿ. ಅವಳಿಗೆ ತನ್ನ ರಾಜ್ಯ ಯಾವುದರ ಮೇಲೆ ನಿಂತಿದೆ ಎಂಬುದು ನಮ್ಮ ಭಾಷಣಕಾರರಿಗಿಂತ ಚೆನ್ನಾಗಿ ತಿಳಿದಿತ್ತು.

ಕೆಳದಿ ಎಂದೂ ಕರೆಯುವ ಈ ಇಕ್ಕೇರಿ ಮನೆತನದ ಶಿವಪ್ಪ ನಾಯಕ 1650ರ ದಶಕದಲ್ಲಿ ಕೆನರಾದ ಕೋಟೆಗಳಿಂದ ಪೋರ್ಚುಗೀಸರನ್ನು ಹೊರದಬ್ಬಿದ. ಅದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. 1670ರ ದಶಕದಲ್ಲಿ ಅದೇ ಕೆಳದಿ ಅರಮನೆ ಪೋರ್ಚುಗೀಸರೊಂದಿಗೆ ಒಪ್ಪಂದ ಮಾಡಿಕೊಂಡು ಮಂಗಳೂರಿನಲ್ಲಿ ಕೋಠಿ ಇಡಲು ಬಿಟ್ಟದ್ದನ್ನು ಮಾತ್ರ ಹೇಳುವುದಿಲ್ಲ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ? ಫಿರಂಗಿ ಬೇಡ, ಗಿರಾಕಿ ಬೇಕು ಎಂಬುದು ಯಾವ ಬಂದರಿನ ಒಡೆಯನಿಗಾದರೂ ವಿವೇಕದ ನಿಲುವು. ಇನ್ನು 1695. ಆ ವರ್ಷ ಮಂಗಳೂರನ್ನು ಸುಟ್ಟವರು ಮಸ್ಕತ್ತಿನ ಅರಬರು. ಪೋರ್ಚುಗೀಸರ ಕಟ್ಟುಪಾಡುಗಳಿಂದ ತಮ್ಮ ವ್ಯಾಪಾರಕ್ಕೆ ಬಿದ್ದ ಪೆಟ್ಟಿಗೆ ಅವರು ತೀರಿಸಿದ ಸೇಡು ಅದು. ಧರ್ಮಯುದ್ಧದ ಲೆಕ್ಕಪುಸ್ತಕದಲ್ಲಿ ಈ ಬೆಂಕಿಗೆ ಯಾವ ಪುಟವೂ ಹೊಂದುವುದಿಲ್ಲ. ಹಾಗಾಗಿ ಅದು ಯಾರ ಭಾಷಣದಲ್ಲೂ ಇಲ್ಲ.

ಇಷ್ಟನ್ನೂ ಬಿ.ಎಸ್. ಶಾಸ್ತ್ರಿಯವರಂಥ ವಿದ್ವಾಂಸರು ಗೋವಾ ಮತ್ತು ಕೆನರಾದ ಸಂಬಂಧದ ಬಗ್ಗೆ ದಾಖಲೆ ಹಿಡಿದು ಬರೆದಿದ್ದಾರೆ. ಬಸ್ರೂರಿನ ಅಕ್ಕಿ ವ್ಯಾಪಾರದ ಬಗ್ಗೆ ಸಂಜಯ್ ಸುಬ್ರಹ್ಮಣ್ಯಂ 1984ರಷ್ಟು ಹಿಂದೆಯೇ ಪ್ರಬಂಧ ಬರೆದರು. ಓದಲು ಸಿಗುವ ಕೆಲಸವಿದು. ಓದದೆ ಮೈಕು ಹಿಡಿಯುವುದು ನಮ್ಮ ಊರಿಗೆ ಮಾಡುವ ಅನ್ಯಾಯ.

1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಮೈಸೂರಿನ ಹೈದರ್ ಅಲಿಗೆ ಬಿತ್ತು, ಅದರ ಜೊತೆಗೆ ಮಂಗಳೂರು. ಒಳನಾಡಿನ ಮೈಸೂರಿಗೆ ಮೊದಲ ಬಾರಿಗೆ ಒಂದು ಒಳ್ಳೆಯ ಬಂದರು ಸಿಕ್ಕಿತು. ಅವನು ಇಲ್ಲಿ ಹಡಗು ಕಟ್ಟಿಸಿದ. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯವರಿಗೆ ಅಂದಿನಿಂದಲೇ ನಿದ್ದೆ ಕೆಟ್ಟಿತು. 1768ರಲ್ಲಿ ಬೊಂಬಾಯಿಯಿಂದ ಬಂದು ಮಂಗಳೂರು ಹಿಡಿದರು. ಕೆಲವೇ ತಿಂಗಳಲ್ಲಿ ಮೈಸೂರಿನ ಪಡೆ ಬಂದಾಗ ತಮ್ಮ ರೋಗಿಗಳನ್ನೂ ಗಾಯಾಳುಗಳನ್ನೂ ಬಿಟ್ಟು ಹಡಗು ಹತ್ತಿದರು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಬಂದು ಇಲ್ಲಿ ನಿಂತಿದ್ದ ಹೈದರನ ಹಡಗುಗಳನ್ನು ನಾಶ ಮಾಡಿದ. ಈ ಮೂರು ದಂಡಯಾತ್ರೆಗಳ ನಡುವೆ ಒಂದು ಒಪ್ಪಂದವೂ ಇದೆ, 1770ರದು. ಅದರಲ್ಲಿ ಹೈದರ್ ಕಂಪನಿಗೆ ವ್ಯಾಪಾರದ ಸವಲತ್ತುಗಳನ್ನು ಕೊಟ್ಟಿದ್ದ.

1783ರ ಮುತ್ತಿಗೆಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಸುಳ್ಳು ಹೆಚ್ಚು ಬೆಳೆದಿರುವುದು ಅಲ್ಲಿಯೇ. ಹೈದರ್ 1782ರ ಡಿಸೆಂಬರಿನಲ್ಲಿ ಸತ್ತ. ಬೊಂಬಾಯಿಯಿಂದ ಬಂದ ಜನರಲ್ ಮ್ಯಾಥ್ಯೂಸ್ ಬಿದನೂರನ್ನು ಹಿಡಿದ. ಮಾರ್ಚ್ 1783ರಲ್ಲಿ ಮಂಗಳೂರೂ ಕಂಪನಿಗೆ ಬಿತ್ತು. ಹೈದರನ ಮಗ ಟಿಪ್ಪು ಬಿದನೂರನ್ನು ಮರಳಿ ಪಡೆದು, ಮೇ 20ರ ಹೊತ್ತಿಗೆ ಮಂಗಳೂರಿನ ಕೋಟೆಯ ಮುಂದೆ ಬಂದ. ತಾರೀಖನ್ನು ಗಮನಿಸಿ. ಇನ್ನು ಹದಿನೈದು ದಿನಕ್ಕೆ ಮುಂಗಾರು. ಅಳಿವೆ ತಾನಾಗಿ ಮುಚ್ಚುತ್ತದೆ, ಬೊಂಬಾಯಿಯಿಂದ ಒಂದು ದೋಣಿಯೂ ಬರಲಾರದು. ಕರಾವಳಿಯ ಕ್ಯಾಲೆಂಡರನ್ನು ಬಲ್ಲ ಸೇನಾನಿ ಆರಿಸಿಕೊಳ್ಳುವ ದಿನ ಅದು. ಒಳಗೆ ಕರ್ನಲ್ ಜಾನ್ ಕ್ಯಾಂಬೆಲ್, ಸ್ಕಾಟ್ಲೆಂಡಿನ ಸೈನಿಕರು, ಅವರಿಗಿಂತ ಎಷ್ಟೋ ಹೆಚ್ಚು ಸಂಖ್ಯೆಯಲ್ಲಿ ಬೊಂಬಾಯಿ ಪಡೆಯ ಸಿಪಾಯಿಗಳು, ಅಂದರೆ ನಮ್ಮವರೇ, ಹಿಂದೂಗಳು ಮತ್ತು ಮುಸ್ಲಿಮರು. ಹೊರಗೆ ಟಿಪ್ಪುವಿನ ಪಡೆ, ಜೊತೆಗೆ ಕ್ರೈಸ್ತರಾದ ಫ್ರೆಂಚರು. ಯುರೋಪಿನಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಸಂಧಿಯಾಯಿತೆಂಬ ಸುದ್ದಿ ಬಂದ ಕೂಡಲೇ ಆ ಫ್ರೆಂಚರು ಕೈಚೆಲ್ಲಿ ಹೊರಟರು. ಮತದ ಹೆಸರಿನಲ್ಲಿ ಇಲ್ಲಿ ಯಾರು ಯಾರ ಕಡೆ ಎಂದು ಗೆರೆ ಎಳೆಯಲು ಸಾಧ್ಯವೇ?

ಆಗಸ್ಟ್ 2ಕ್ಕೆ ಕದನವಿರಾಮವಾಯಿತು. ಕೋಟೆಯವರಿಗೆ ದಿನಸಿ ಮಾರಲು ಟಿಪ್ಪು ಒಂದು ಬಜಾರು ಬಿಡಬೇಕೆಂದು ಒಪ್ಪಂದ. ಅಲ್ಲಿಂದ ಮುಂದೆ ನಡೆದದ್ದು ತುಪಾಕಿಯ ಯುದ್ಧವಲ್ಲ, ಅಕ್ಕಿಯ ಯುದ್ಧ. ಬಜಾರು ದಿನೇದಿನೇ ಬಿಗಿಯಾಯಿತು, ಬೆಲೆ ಏರಿತು, ಆಮೇಲೆ ಬರುವುದೇ ನಿಂತಿತು. ಮಳೆಗಾಲ ಮುಗಿದ ಮೇಲೆ ಜನರಲ್ ಮ್ಯಾಕ್ಲಿಯೋಡ್ ಹಡಗುಗಳನ್ನು ತಂದು ಅಳಿವೆಯ ಹೊರಗೆ ನಿಂತ. ಕೋಟೆಯವರಿಗೆ ಹಡಗುಗಳ ಪಟ ಕಾಣಿಸುತ್ತಿತ್ತು. ಕದನವಿರಾಮವಿದ್ದದ್ದರಿಂದ ಅವನು ನುಗ್ಗಲಿಲ್ಲ. ಇಳಿಸಿದ ಉಪ್ಪುಮಾಂಸ ಕೊಳೆತಿತ್ತು. ಒಳಗಿದ್ದವರು ಕುದುರೆ ತಿಂದರು, ಕಪ್ಪೆ, ನಾಯಿ ತಿಂದರು. ವಸಡು ಕೊಳೆಯುವ ಸ್ಕರ್ವಿ ರೋಗ ಹರಡಿತು. ಸಿಪಾಯಿಗಳು ನಿಂತು ಕೋವಿ ಹಿಡಿಯಲಾರದಷ್ಟು ಬಡಕಲಾದರು, ಕೆಲವರ ಕಣ್ಣು ಹೋಯಿತು. 1784ರ ಜನವರಿ 30ರಂದು ಕ್ಯಾಂಬೆಲ್ ಕೋಟೆ ಬಿಟ್ಟುಕೊಟ್ಟು ಉಳಿದವರನ್ನು ಕರೆದುಕೊಂಡು ತಲಶ್ಶೇರಿಗೆ ಹೋದ. ಎರಡು ತಿಂಗಳು ಕಳೆಯುವುದರೊಳಗೆ ಬೊಂಬಾಯಿಯಲ್ಲಿ ಸತ್ತ. ಅಕ್ಕಿಯ ಕಣಜದಂಥ ಊರಿನ ನಡುವೆ ನಿಂತು ಹಸಿದು ಶರಣಾದ ಪಡೆ ಅದು. ಇಂಗ್ಲಿಷರು ಇದನ್ನು ಶೌರ್ಯದ ಪಾಠ ಮಾಡಿ ತಮ್ಮ ರೆಜಿಮೆಂಟಿಗೂ ಬೊಂಬಾಯಿ ಗ್ರೆನೇಡಿಯರುಗಳಿಗೂ ‘ಮ್ಯಾಂಗಲೋರ್’ ಎಂಬ ಯುದ್ಧಗೌರವ ಕೊಟ್ಟರು. ಕಣ್ಣು ಕಳೆದುಕೊಂಡ ಸಿಪಾಯಿಯ ಊರು, ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಮ್ಮ ಎರಡೂ ವೇದಿಕೆಗಳಿಗೂ ಅವನು ಬೇಡ, ಏಕೆಂದರೆ ಅವನು ಯಾರ ಕಥೆಗೂ ಒಗ್ಗುವುದಿಲ್ಲ.

ಇಲ್ಲಿ ನನ್ನ ವಿರೋಧಿಗಳ ಗಟ್ಟಿ ವಾದವನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. 1784ರ ಫೆಬ್ರವರಿಯಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಅಟ್ಟಿದ. ಎಷ್ಟು ಸಾವಿರ ಎಂಬುದರಲ್ಲಿ ಲೆಕ್ಕಗಳು ಬೇರೆಬೇರೆ. ಸಂಕಟದಲ್ಲಿ ಎರಡು ಲೆಕ್ಕವಿಲ್ಲ. ಹೆಂಗಸರು ಮಕ್ಕಳೆನ್ನದೆ ಘಟ್ಟ ಹತ್ತಿಸಿದ್ದು, ಬಲವಂತದ ಮತಾಂತರ, ದಾರಿಯಲ್ಲೂ ಸೆರೆಯಲ್ಲೂ ಸತ್ತವರು, ಎಲ್ಲ ನಿಜ. ಇದನ್ನು ಮುಚ್ಚಿಡುವ ಟಿಪ್ಪು ಭಕ್ತಿಯನ್ನು ನಾನು ಸರ್ವಥಾ ಒಪ್ಪುವುದಿಲ್ಲ. ಆ ಕ್ರೈಸ್ತರ ಮೇಲಿದ್ದ ಆರೋಪ, ಯುದ್ಧದಲ್ಲಿ ಇಂಗ್ಲಿಷರಿಗೆ ದಿನಸಿ ಮತ್ತು ಹಣ ಒದಗಿಸಿದರು ಎಂಬುದು. ಕೆಲವರು ಒದಗಿಸಿದ್ದರೂ ಒಂದು ಇಡೀ ಸಮುದಾಯವನ್ನು ದಂಡಿಸಲು ಅದು ಕಾರಣವಾಗದು. ಒಂದು ಮತದವರೆಂಬ ಗುರುತಿನ ಮೇಲೆ ಅವರನ್ನು ಹಿಡಿದರು, ಅದು ಕ್ರೌರ್ಯ.

ಆದರೆ ಇದರಿಂದ ಯುದ್ಧವೇ ಧರ್ಮದ್ದಾಗಿತ್ತು ಎಂದು ಸಾಧಿಸಲು ಹೊರಡುವವರು ಮುಂದಿನ ತಿಂಗಳ ಕಾಗದವನ್ನು ಓದಬೇಕು. 1784ರ ಮಾರ್ಚ್ 11ರಂದು ಮಂಗಳೂರಿನ ಒಪ್ಪಂದಕ್ಕೆ ಸಹಿ ಬಿತ್ತು. ಕಂಪನಿಯ ಪರವಾಗಿ ಬಂದವರು ಸ್ಯಾಡ್ಲಿಯರ್, ಸ್ಟಾಂಟನ್, ಹಡಲ್‌ಸ್ಟನ್, ಮೂವರೂ ಕ್ರೈಸ್ತರು. ಗೆದ್ದ ಜಾಗಗಳನ್ನು ಪರಸ್ಪರ ಬಿಟ್ಟುಕೊಡಬೇಕು, ಯುದ್ಧಕೈದಿಗಳನ್ನು ಬಿಡಬೇಕು, 1770ರಲ್ಲಿ ಹೈದರ್ ಕೊಟ್ಟ ವ್ಯಾಪಾರದ ಸವಲತ್ತುಗಳನ್ನು ಟಿಪ್ಪು ಮತ್ತೆ ಊರ್ಜಿತ ಮಾಡಬೇಕು. ಮೆಣಸು, ಗಂಧ, ಕೋಠಿಯ ಹಕ್ಕನ್ನು ಕಂಪನಿಯವರು ಮರೆಯಲಿಲ್ಲ. ಶ್ರೀರಂಗಪಟ್ಟಣದಲ್ಲಿದ್ದ ಕೆನರಾದ ಕ್ರೈಸ್ತರಿಗೆ ಆ ಒಪ್ಪಂದದಿಂದ ಬಿಡುಗಡೆ ಸಿಗಲಿಲ್ಲ. ಅವರು ಹದಿನೈದು ವರ್ಷ, 1799ರವರೆಗೆ, ಅಲ್ಲೇ ಕೊಳೆತರು. ಇಂಗ್ಲಿಷರದು ಕ್ರೈಸ್ತಧರ್ಮದ ಪರವಾದ ಯುದ್ಧವಾಗಿದ್ದರೆ ಆ ಸಹಿ ಹೇಗೆ ಬೀಳುತ್ತಿತ್ತು? ಅತ್ತ ಟಿಪ್ಪು ಸಹಿಯ ಮಸಿ ಆರುವ ಹೊತ್ತಿಗೆ ಬೋಳೂರಿನ ನದಿದಡದಲ್ಲಿ ಕರಿಗಲ್ಲಿನ ಬತ್ತೇರಿ ಕಟ್ಟಿಸತೊಡಗಿದ, ಮುಂದೆ ಮಸ್ಕತ್ತಿನಲ್ಲಿ ತನ್ನ ಕೋಠಿ ತೆರೆದ. ಸುಲ್ತಾನ್ ಬತ್ತೇರಿಯ ಮೆಟ್ಟಿಲು ಹತ್ತಿ ಗೋಡೆಯ ತೂಪುಕಂಡಿಯಿಂದ ಇಣುಕಿದರೆ ಕಾಣುವುದು ಗುರುಪುರ ನದಿಯ ನೀರು, ಆಚೆದಡದ ತಣ್ಣೀರುಬಾವಿ. ಕೆಳಗೆ ಮದ್ದಿನ ಕೋಣೆ. ಒಂದು ದೋಣಿಯೂ ಫಿರಂಗಿಯ ಗುರಿ ತಪ್ಪಿಸಿ ನದಿಯೊಳಗೆ ಬರಬಾರದು ಎಂಬ ಹಟ ಆ ಕಲ್ಲಿನಲ್ಲಿದೆ. ಸೆರೆಯ ಕ್ರೌರ್ಯವೂ ಬತ್ತೇರಿಯ ಮುಂದಾಲೋಚನೆಯೂ ಒಬ್ಬನೇ ಮನುಷ್ಯನವು. ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ನಮಗೆ ಬರಬೇಕು.

ಇನ್ನು 1837. ಕಂಪನಿ ಸರ್ಕಾರ ಕಂದಾಯವನ್ನು ಧಾನ್ಯದ ಬದಲು ನಗದಾಗಿ ಕೊಡಿ ಎಂದಿತು. ಭತ್ತ ಬೆಳೆಯುವವನ ಕೈಯಲ್ಲಿ ನಗದು ಎಲ್ಲಿಂದ ಬರಬೇಕು? ವರ್ತಕ ಹೇಳಿದ ಬೆಲೆಗೆ ಭತ್ತ ಮಾರಿದರೆ ಮಾತ್ರ. ಅಮರ ಸುಳ್ಯದಿಂದ ಹೊರಟ ರೈತರ ದಂಡು ಏಪ್ರಿಲ್ 5ರಂದು ಮಂಗಳೂರು ಹೊಕ್ಕು ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಏರಿಸಿ ಹದಿಮೂರು ದಿನ ಊರನ್ನು ಆಳಿತು. ಗೌಡರು, ಬಂಟರು, ಬಂಗ ಮನೆತನದ ಅರಸು, ಎಲ್ಲರೂ ಅದರಲ್ಲಿದ್ದರು. ಊರು ಅವರ ಕೈಯಲ್ಲಿತ್ತು, ಕಡಲು ಇರಲಿಲ್ಲ. ಕಣ್ಣೂರಿನ ಕಡೆಯಿಂದ ಕಂಪನಿಯ ಸೈನ್ಯ ಬಂತು, ದಂಡು ಚದುರಿತು, ನಾಯಕರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. 2022ರಲ್ಲಿ ಬಾವುಟಗುಡ್ಡೆಯಲ್ಲಿ ಆ ದಂಡಿನ ನಾಯಕ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು, ನಿಲ್ಲಬೇಕಾದದ್ದೇ. ಆದರೆ ನಗದು ಕಂದಾಯದ ಮಾತು ಬಿಟ್ಟು ಬರೀ ದೇಶಭಕ್ತಿಯ ಜಯಕಾರ ಹಾಕಿದರೆ ಆ ರೈತರ ದೂರನ್ನು ನಾವು ಎರಡನೆಯ ಸಲ ತಳ್ಳಿಹಾಕಿದಂತೆ. ಅವರು ಕೇಳಿದ್ದು ತಾವು ಬೆಳೆದ ಭತ್ತದ ಲೆಕ್ಕವನ್ನು.

ಎಲ್ಲವನ್ನೂ ವ್ಯಾಪಾರಕ್ಕೆ ಇಳಿಸಿ ಹಿರಿಯರ ತ್ಯಾಗವನ್ನು ಸಣ್ಣದು ಮಾಡುತ್ತಿದ್ದೀರಿ ಎಂದು ಆಕ್ಷೇಪಿಸುವವರಿದ್ದಾರೆ. ಅಕ್ಕಿ ಸಣ್ಣ ವಿಷಯ ಎಂದು ಅವರಿಗೆ ಯಾರು ಹೇಳಿದರು? ಇವತ್ತಿಗೂ ಹಳೇ ಬಂದರಿನ ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಹಮಾಲರು ಅಕ್ಕಿ ಮೂಟೆ, ತರಕಾರಿ, ಕಲ್ಲು, ಜಲ್ಲಿ ತುಂಬುತ್ತಾರೆ. ಮಳೆಗಾಲಕ್ಕೆ ಮೊದಲು ದ್ವೀಪದವರ ಉಗ್ರಾಣ ತುಂಬಿರಬೇಕು. ಒಂದು ಊರಿನ ಜನ ತಮ್ಮ ಗದ್ದೆಯ ಬೆಳೆಗೆ ತಾವೇ ಒಡೆಯರಾಗಿರಲು, ತಮ್ಮ ನದಿಯ ಬಾಯಿಗೆ ಪರರು ಬೀಗ ಹಾಕದಂತೆ ತಡೆಯಲು ಹೋರಾಡಿದ್ದಾರೆ ಎಂದರೆ ಅದಕ್ಕಿಂತ ಘನವಾದ ಕಾರಣ ಯಾವುದು ಬೇಕು?

ನನ್ನ ಬೇಡಿಕೆ ನಿರ್ದಿಷ್ಟವಾಗಿದೆ. ಸುಲ್ತಾನ್ ಬತ್ತೇರಿಯ ಮುಂದಿನ ಫಲಕದಲ್ಲಿ 1783ರ ಮುತ್ತಿಗೆಯ ಹಸಿವೂ 1784ರ ಸೆರೆಯೂ ಒಂದೇ ಬರಹದಲ್ಲಿ ಬರಲಿ. ಶಾಲೆಯ ಪಾಠದಲ್ಲಿ ಅಬ್ಬಕ್ಕನ ಜೊತೆಗೆ ಕುಟ್ಟಿ ಪೋಕ್ಕರನ ಹೆಸರಿರಲಿ, ಪೋರ್ಚುಗೀಸರ ಜೊತೆಗಿದ್ದ ಬಂಗ ಅರಸನದೂ ಇರಲಿ. ಆ ಪಾಠದ ಮೊದಲ ಪುಟದಲ್ಲಿ ಅಳಿವೆಯ ನಕ್ಷೆ ಹಾಕಲಿ, ನೇತ್ರಾವತಿ ಎಲ್ಲಿ, ಗುರುಪುರ ನದಿ ಎಲ್ಲಿ, ಬೆಂಗ್ರೆ ಎಲ್ಲಿ, ಉಳ್ಳಾಲ ಎಲ್ಲಿ ಎಂದು ಗುರುತಿಸಿ. ಮಕ್ಕಳು ಯಾರಿಗೆ ಜೈಕಾರ ಹಾಕಬೇಕೆಂದು ಕಲಿಯುವ ಮೊದಲು ಹಡಗು ಎಲ್ಲಿ ನಿಲ್ಲುತ್ತಿತ್ತು ಎಂಬುದನ್ನು ಕಲಿಯಲಿ.